ಅಗ್ನಿಕೇತುವಿಗೆ ಹಾರ

"ಇವತ್ತು ಎಲ್ರ ಮುಂದೇನೇ ಹೇಳ್ಬುಡ್ತೀನಿ ಕಣೇ," ಎಂದ ಸುದರ್ಶನ್. ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು, ಜರಿಕಾಗದದ ಕಿರೀಟ ಇಟ್ಟುಕೊಂಡು ಬೆಂಕಿನಾಡಿನ ರಾಜಕುಮಾರನಾಗಿ ನಿಂತಿದ್ದ. "ಹಾರ ಹಾಕಕ್ಕೆ ಬತ್ತಾರಲ್ಲ, ಆವಾಗ ಮೈಕ್ ಇಸ್ಕಂಡು, ನಾನ್ ಮದ್ವೆ ಆಗೋದು ರಂಜನೀನೇ ಅಂದ್ಬುಡ್ತೀನಿ. ಆಮ್ಯಾಕೆ ಯಾರೇನ್ ಮಾಡಕ್ಕಾಯ್ತದೆ?"

ನೀಲಿ ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತಿದ್ದ ರಂಜನಿ ನಕ್ಕಳು. "ಮೊದ್ಲು ನಿಮ್ ಡೈಲಾಗ್ ತಪ್ದೇ ಹೇಳಿ, ರಾಜಕುಮಾರ್ರೇ."

ನಕ್ಕಳು, ಆದರೆ ಗಮನ ತಪ್ಪಿ ಪಿನ್ನು ಬೆರಳಿಗೆ ಚುಚ್ಚಿತು. ಈ ಕಡೆಯ ನಾಟಕಗಳಲ್ಲಿ ಗಂಡುಪಾತ್ರಗಳನ್ನೆಲ್ಲ ಊರಿನವರೇ ಹಂಚಿಕೊಳ್ಳುತ್ತಾರೆ. ಹೆಣ್ಣುಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹಾಗೆ ಹಾಸನದ ರಂಜನಿ ಹಿರೀಸಾವೆಯಲ್ಲೊಬ್ಬನಿಗೆ, ಅರಕಲಗೂಡಿನಲ್ಲೊಬ್ಬನಿಗೆ ರಾಣಿಯಾಗಿ, ನಾಟಕ ಮುಗಿದರೆ ಬಸ್ಸು ಹತ್ತಿ ಮನೆ ಸೇರುತ್ತಿದ್ದಳು. ಪ್ರಾಕ್ಟೀಸಿನಲ್ಲಿ ಪ್ರೀತಿಯ ಮಾತಾಡಿದ ಗಂಡಸರಿಗೇನು ಬರವಿರಲಿಲ್ಲ. ಅವರನ್ನೆಲ್ಲ ತಮಾಷೆ ಮಾಡಿ ಸಾಗಹಾಕಿದ್ದಳು. ಇವನೊಬ್ಬ ಮಾತ್ರ ಮನೆಗೆ ಬಂದು, ಅವಳ ಅಮ್ಮನ ಪಕ್ಕ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸಿಕೊಟ್ಟಿದ್ದ. ಮೂವತ್ತು ದಾಟಿದ ಹೆಂಗಸು ನಂಬಲು ಅಷ್ಟು ಸಾಕಾಯಿತು.

ನಾಟಕ ಬರೆದವರು ಹಾರ್ಮೋನಿಯಂ ಮೇಷ್ಟ್ರು ಪಂಚಾಕ್ಷರಯ್ಯ. ಬೆಂಕಿನಾಡಿನ ಅಗ್ನಿಕೇತುವಿಗೂ ನೀರುನಾಡಿನ ಜಲಜಾಕ್ಷಿಗೂ ಪ್ರೀತಿ. ಮುಟ್ಟಿದರೆ ಅವನು ಆರಿಹೋಗುತ್ತಾನೆ, ಇಲ್ಲವೇ ಅವಳು ಆವಿಯಾಗುತ್ತಾಳೆ. ಸಾಲದ್ದಕ್ಕೆ ಅರಮನೆಯಲ್ಲಿ ಮಂತ್ರಿ ಕುಟಿಲಸೇನನ ಪಿತೂರಿ ಬೇರೆ. ಕೊನೆಗೆ ಶಿವ ಬಂದು ಎಲ್ಲ ಸರಿಮಾಡುತ್ತಾನೆ; ಮೇಷ್ಟ್ರ ನಾಟಕಗಳಲ್ಲಿ ಶಿವ ತಡಮಾಡಿ ಬಂದದ್ದೇ ಇಲ್ಲ. ಕುಟಿಲಸೇನನ ಪಾತ್ರ ಸುದರ್ಶನನ ಸೋದರಮಾವ ರಂಗಸ್ವಾಮಿಯವರದು. ಶಾಂತಿಗ್ರಾಮದ ಪಕ್ಕದ ಅವರ ಊರಿನಲ್ಲಿ ಪಂಚಾಯಿತಿಯಿಂದ ಹಾಲಿನ ಡೈರಿಯವರೆಗೆ ಅವರ ಮಾತು ತೆಗೆದುಹಾಕುವವರಿಲ್ಲ. ಅಳಿಯನಿಗೆ ನಾಯಕನ ಪಾತ್ರ ಕೊಡಿಸಿದವರೂ ಅವರೇ.

ಆ ಭಾನುವಾರ ಹಾಸನದ ಕಲಾಭವನದಲ್ಲಿ ಹಗಲು ನಾಟಕ. ಲಾರಿಯಲ್ಲಿ ಬಂದಿಳಿದ ಊರಿನವರಿಂದ ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ತುಂಬಿತ್ತು. ಪಂಜಿಗೆ ರಾಳದ ಪುಡಿ ಎರಚಿ ಭಗ್ಗನೆ ಬೆಂಕಿ ಎಬ್ಬಿಸಿದರು. ಜಲಜಾಕ್ಷಿ ಕೈ ಚಾಚಿದಳು, ಅಗ್ನಿಕೇತು ಮುಟ್ಟಲಾರದೆ ನಿಂತ. ಅವಳು ಹಾಡು ಎತ್ತಿಕೊಳ್ಳಬೇಕು ಅನ್ನುವಷ್ಟರಲ್ಲಿ ಹಾರಗಳು ಬಂದವು.

ಹಾರ ಬಂದರೆ ನಾಟಕ ನಿಲ್ಲಲೇಬೇಕು. ನೆಂಟರಿಷ್ಟರು ಸ್ಟೇಜು ಹತ್ತಿ, ತಮ್ಮವನ ಕೊರಳಿಗೆ ಹಾರ ಹಾಕಿ, ಮೈಕಿನಲ್ಲಿ ನಾಲ್ಕು ಮಾತಾಡಿ ಇಳಿಯುವ ತನಕ ಉಳಿದವರು ನಿಂತಲ್ಲೇ ನಿಂತಿರುತ್ತಾರೆ. ಚಿಕ್ಕಪ್ಪ, ಭಾವ, ಡೈರಿಯವರು ಎಲ್ಲರ ಹಾರವೂ ಆಯಿತು. ಸುದರ್ಶನ್ ಒಮ್ಮೆ ರಂಜನಿಯ ಕಡೆ ನೋಡಿ ಮೈಕಿನತ್ತ ಹೆಜ್ಜೆ ಇಟ್ಟ.

ಅಷ್ಟರಲ್ಲಿ ಪಕ್ಕದ ಪರದೆಯಿಂದ ರಂಗಸ್ವಾಮಿ, ಮಂತ್ರಿಯ ಮೀಸೆ ನಿಲುವಂಗಿಯ ಸಮೇತ ಬಂದು ಮೈಕು ಹಿಡಿದರು.

"ಮಾಜನಗಳೇ, ಇವ್ನು ನಮ್ಮಕ್ಕನ್ ಮಗ. ನನ್ ಮಗ್ಳು ಧನ್ಯಾನ ಇವುನ್ಗೇ ಕೊಡೋದು ಅಂತ ಮನೇಲಿ ಮಾತಾಗದೆ. ನಿಮ್ಮೆಲ್ರ ಎದುರ್ಗೇ ಉಂಗ್ರ ಆಕುಸ್ಬುಡವ ಅಂತ ಈಗ್ಲೇ ಕರ್ಸಿವ್ನಿ. ಬಾ ಮಗ, ಮ್ಯಾಕ್ ಬಾ."

ರೇಷ್ಮೆ ಸೀರೆಯುಟ್ಟ ಹುಡುಗಿ ಬೆದರಿಕೊಂಡೇ ಮೇಲೆ ಬಂದಳು. ಯಾರನ್ನು ನೋಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಅವಳ ಹಿಂದೆ ಸುದರ್ಶನನ ತಾಯಿ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಉಂಗುರ ಬೆರಳಿಗೇರಿತು, ಧನ್ಯಾಳ ಕೈಯ ಸುಗಂಧರಾಜದ ಹಾರ ಸುದರ್ಶನನ ಕೊರಳಿಗೆ ಬಿತ್ತು. ಶಿಳ್ಳೆಯೋ ಶಿಳ್ಳೆ.

"ಒಂದ್ ಮಾತಾಡ್ಲಾ ಅಳಿಯ," ಎಂದು ರಂಗಸ್ವಾಮಿ ಮೈಕನ್ನು ಅವನ ಕೈಗೇ ಕೊಟ್ಟರು.

ಅವನು ಮೈಕು ಹಿಡಿದು ನಿಂತ. ಅವನ ಉಸಿರು ಸಭಾಂಗಣಕ್ಕೆಲ್ಲ ಕೇಳಿಸಿತು. ಹೇಳು, ಹೇಳು ಎಂದು ರಂಜನಿ ಮನಸ್ಸಿನಲ್ಲೇ ಗೋಗರೆದಳು.

"ಎಲ್ರಿಗೂ... ನಮಸ್ಕಾರ," ಎಂದು ಅವನು ಮೈಕು ವಾಪಸ್ಸು ಕೊಟ್ಟ.

ರಂಜನಿಗೆ ತನ್ನ ಕಿರೀಟ ಕಿತ್ತೆಸೆದು ಹೊರಟುಹೋಗೋಣವೆನಿಸಿತು. ಆದರೆ ಅರ್ಧ ನಾಟಕದಲ್ಲಿ ಎದ್ದುಹೋದವಳನ್ನು ಮತ್ತೆ ಯಾವ ಊರೂ ಕರೆಯುವುದಿಲ್ಲ, ಮನೆಯಲ್ಲಿ ಅಮ್ಮನಿದ್ದಾಳೆ. ನೆಂಟರೆಲ್ಲ ಇಳಿದರು, ಮಂತ್ರಿ ಪಕ್ಕದ ಪರದೆಯ ಬಳಿಗೆ ಸರಿದರು, ಮೇಷ್ಟ್ರು ಶ್ರುತಿ ಕೊಟ್ಟರು. ಹಾರಗಳ ರಾಶಿಯಲ್ಲಿ ಅಗ್ನಿಕೇತುವಿನ ಮುಖವೇ ಮುಚ್ಚಿಹೋಗಿತ್ತು. ಅವನ್ನು ತೆಗೆದು ಸಿಂಹಾಸನಕ್ಕೆ ಹಾಕುವುದೂ ನಾಯಕಿಯದೇ ಕೆಲಸ. ಅವಳು ಒಂದೊಂದಾಗಿ ತೆಗೆದಳು. ಕೊನೆಗುಳಿದ ಸುಗಂಧರಾಜಕ್ಕೆ ಕೈ ಹಾಕಿದಾಗ ಅವನು ಅದನ್ನು ಎದೆಗೆ ಒತ್ತಿ ಹಿಡಿದ.

"ಅದೊಂದ್ ಇರ್ಲಿ," ಎಂದ ಪಿಸುದನಿಯಲ್ಲಿ. "ಮಾವ ನೋಡ್ತಾವ್ರೆ."

ರಂಜನಿ ಕೈ ಹಿಂದಕ್ಕೆಳೆದುಕೊಂಡು, ಸಭೆಯ ಕಡೆ ತಿರುಗಿ ಹಾಡಿದಳು:

"ನೀನು ಉರಿದರೆ ನಾನು ಆವಿಯಾಗುವೆ ದೊರೆಯೆ,
ಮೋಡವಾದರೂ ನಿನ್ನ ನೆರಳಾಗುವೆ."

ಇಂಥ ದನಿಯಲ್ಲಿ ಅವಳು ಯಾವತ್ತೂ ಹಾಡಿರಲಿಲ್ಲ. ಹಾಡು ಮುಗಿಯುತ್ತಲೇ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!" ಸಭಾಂಗಣಕ್ಕೆ ಸಭಾಂಗಣವೇ ದನಿಗೂಡಿಸಿತು. ಮುಂದಿನ ಸಾಲಿನಲ್ಲಿ ಧನ್ಯಾ ಕೂಡ ಚಪ್ಪಾಳೆ ತಟ್ಟುತ್ತಿದ್ದಳು. ಪಂಚಾಕ್ಷರಯ್ಯ ಹಾರ್ಮೋನಿಯಂ ಮೇಲೆ ಕೈ ಇಟ್ಟುಕೊಂಡು ರಂಜನಿಯ ಮುಖವನ್ನೇ ನೋಡಿದರು.

ರಂಜನಿ ಕಾಡಿಗೆ ಕೆಡದ ಹಾಗೆ ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು. ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು.