ಮೀನು ಸೀಳುವ ಮೇಜು

"ಎಲ್ಲಾರೂ ಈ ಕಡೆ ನೋಡ್ರೇ!" ಮೀನು ಕಾರ್ಖಾನೆಯ ಮೇಲ್ವಿಚಾರಕಿ ಮೆಲ್ಬಾ ನಾರ್ಸಿಸಾಳ ಭುಜ ಹಿಡಿದು ಬೆನ್ನು ಕಾಣುವಂತೆ ತಿರುಗಿಸಿದಳು. "ನಮ್ಮ ನಾರ್ಸಿಸಾ ಬಾವುಟ ಹಾರಿಸಿದಾಳೆ."

ಬೇಯಿಸಿದ ಟ್ಯೂನಾ ಮೀನಿನ ಚರ್ಮ ಸುಲಿಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಬಿಳಿ ಸಮವಸ್ತ್ರದ ಹಿಂದೆ ಅಂಗೈಯಗಲದ ಕೆಂಪು ಕಲೆ. ಕೆಲವರು ನಕ್ಕರು. ನಗದವರು ಬೇಗ ಮೀನಿನ ಕಡೆಗೆ ತಿರುಗಿಕೊಂಡರು.

"ಎರಡು ಸಲ ಬಾತ್‌ರೂಮಿಗೆ ಕೇಳಿದ್ನಲ್ಲಕ್ಕ, ನೀವೇ ಬಿಡಲಿಲ್ಲ."

"ನಿಂಗೊಬ್ಬಳಿಗೇನಾ ಮುಟ್ಟಾಗೋದು? ನಾನೂ ಮೂರು ಹೆತ್ತಿದೀನಿ ಕಣೇ."

ಹಿಂದಿನ ವಾರ ಮಾಂತಾ ಬಂದರು ಪಟ್ಟಣದ ಆರೋಗ್ಯ ಕೇಂದ್ರದ ದಾದಿ ನಾರ್ಸಿಸಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದಳು. ಪ್ಯಾಡು ಎಷ್ಟು ಹೊತ್ತಿಗೆ ತೊಯ್ಯುತ್ತದೆ, ಹೆಪ್ಪು ಎಷ್ಟು ದೊಡ್ಡದು ಎಂದು ಕೇಳಿದ್ದಳು. ಗಂಟೆಗೊಂದು, ನಿಂಬೆಹಣ್ಣಿನಷ್ಟು ಎಂದಾಗ ಅವಳ ಮುಖ ಗಂಭೀರವಾಯಿತು. "ಇದನ್ನ ಮಾಮೂಲಿ ಮುಟ್ಟು ಅಂತ ಸುಮ್ಮನಿರಬೇಡಮ್ಮ. ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿದೆ." ರಕ್ತ ತಡೆಯುವ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟು, ಗುರುವಾರ ಸ್ಕ್ಯಾನಿಂಗಿಗೆ ಕರೆದಿದ್ದಳು. "ಅಷ್ಟರೊಳಗೆ ಹೆಚ್ಚಾದರೆ, ತಲೆ ಸುತ್ತಿದರೆ ಕಾಯಬೇಡ. ನೇರ ದೊಡ್ಡಾಸ್ಪತ್ರೆಗೆ ಹೋಗು. ಎಷ್ಟು ಹೋಗ್ತಿದೆ ಅಂತ ಕಣ್ಣಿಟ್ಟಿರು."

ಕಡಲಿಗೆ ಹೋದ ಗಂಡ ಮರಳಿರಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಹೋದರೆ ಗೇಟಿನಾಚೆ ಸಾಲಾಗಿ ನಿಂತವರಲ್ಲಿ ಯಾರಾದರೂ ಅದೇ ಹೊತ್ತಿಗೆ ಒಳಗೆ ಬರುತ್ತಿದ್ದರು. ನಾರ್ಸಿಸಾ ಮೆಲ್ಬಾಳ ಹಿಂದೆಯೇ ಹೋಗಿ ಮೆಲ್ಲಗೆ ಕೇಳಿದಳು: "ನನ್ನನ್ನ ಹಸಿ ಮೀನು ಸೀಳೋ ಕಡೆ ಹಾಕಿಬಿಡಿ ಅಕ್ಕ."

ಮೆಲ್ಬಾ ಕ್ಷಣ ಯೋಚಿಸಿ ಜೋರಾಗಿ ನಕ್ಕಳು. "ಅಬ್ಬಾ, ಬುದ್ಧಿವಂತೆ! ಅಲ್ಲಿ ನೀನು ಕೊಡಗಟ್ಟಲೆ ಸುರಿಸಿದ್ರೂ ಮೀನಿಂದು ಅಂತಾರೆ."

ಆ ವಿಭಾಗದಲ್ಲಿ ಎಲ್ಲರ ಏಪ್ರನ್ನೂ ಕೆಂಪು, ಎಲ್ಲರ ಬೂಟೂ ಕೆಂಪು. ನಾರ್ಸಿಸಾಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಹಳ ದಿನಗಳ ಮೇಲೆ ಅವಳಿಗೆ ಹಾಯೆನಿಸಿತು. ಗುರುವಾರ ಎರಡು ದೋಣಿಗಳ ಮೀನು ಒಟ್ಟಿಗೆ ಬಂತು.

"ಅಕ್ಕ, ಇವತ್ತು ಸ್ಕ್ಯಾನಿಂಗು..."

"ಹೋಗು, ಯಾರು ಬೇಡ ಅಂದ್ರು? ನಾಳೆಯಿಂದಲೂ ಬರಬೇಡ."

ಅವಳು ಚಾಕು ಕೈಗೆತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ತೊಡೆಯ ಮೇಲೆ ಬೆಚ್ಚಗೆ ಇಳಿದದ್ದು ಬೂಟಿನೊಳಗೆ ಸೇರಿ, ತುಂಬಿ, ಅಂಚಿನಿಂದ ಹೊರಚೆಲ್ಲತೊಡಗಿತು. ದಾದಿ ಹೇಳಿದಂತೆ ಕಣ್ಣಿಟ್ಟು ನೋಡಿದಳು. ನೆಲವೆಲ್ಲ ಒಂದೇ ಬಣ್ಣ. ಅದರಲ್ಲಿ ತನ್ನದೆಷ್ಟು ಎಂದು ಹೇಳುವಂತಿರಲಿಲ್ಲ. ಕಿವಿಯಲ್ಲಿ ಅಲೆಗಳ ಸದ್ದು ಕೇಳಿಸಿತು. ಮೇಜಿನ ಅಂಚು ಕೈಗೆ ಸಿಗಲಿಲ್ಲ.

"ಏನೇ, ಮೀನಿನ ಪಕ್ಕ ಮಲಗಿಬಿಟ್ಯಾ?" ಪಕ್ಕದ ಮೇಜಿನವಳು ನಕ್ಕಳು. "ಮೆಲ್ಬಕ್ಕ, ಇವಳನ್ನೂ ತೂಕಕ್ಕೆ ಹಾಕ್ಲಾ?"

"ನಾಟಕ," ಎಂದಳು ಮೆಲ್ಬಾ. "ಪೈಪು ಬಿಡ್ರೇ ಮುಖಕ್ಕೆ, ತಾನೇ ಏಳ್ತಾಳೆ."

ತಣ್ಣೀರು ಬಡಿದಾಗ ನಾರ್ಸಿಸಾ ಕಣ್ಣು ತೆರೆದಳು. ನೀರು ಹಾದು ಹೋದ ಕಡೆಯೆಲ್ಲ ನೆಲ ಬೆಳ್ಳಗಾಗುತ್ತ ಬಂತು. ಕರುಳು, ಈಜುರೆಕ್ಕೆ, ಮೀನಿನ ನೆತ್ತರು ಎಲ್ಲ ಮೋರಿಗೆ ಸರಿದವು. ಅವಳ ಸೊಂಟದ ಕೆಳಗಿನಿಂದ ಸಣ್ಣದೊಂದು ಕೆಂಪು ಗೆರೆ ಹೊರಟು, ತೊಳೆದ ನೆಲದ ಮೇಲೆ ಅಗಲವಾಗುತ್ತ ಹೋಯಿತು.

"ಅಲ್ಲಿನ್ನೂ ಹೋಗಿಲ್ಲ ನೋಡು," ಎಂದಳು ಮೆಲ್ಬಾ. "ನೀರು ಇನ್ನೂ ಜೋರಾಗಿ ಬಿಡು."