ನಾಲ್ಕನೆಯ ಕಿವಿ

"ಅವನೇ ಹೌದೋ ಅಲ್ವೋ, ಅಷ್ಟು ಕೇಳಿಸಿಬಿಡು ಸಾಕು. ಉಳಿದದ್ದು ಆಮೇಲೆ," ಎನ್ನುತ್ತ ತಾಯಿ ಹೆಡ್‌ಫೋನನ್ನು ತಾನೇ ತಲೆಗೆ ಸಿಕ್ಕಿಸಿಕೊಂಡಳು. ಅದು ಹಿಂದುಮುಂದಾಗಿತ್ತು. ಮಗಳು ನಕ್ಕು ಸರಿಮಾಡಿದಳು.

ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ಧ್ವನಿ ಸಂಗ್ರಹಾಲಯದ ಆ ಕೋಣೆಯಲ್ಲಿ ಮಗಳ ಹದಿನಾರು ವರ್ಷದ ಕೆಲಸ. ಈ ಬೆಳಿಗ್ಗೆ ಯಂತ್ರದ ಮೇಲೆ ಕೂತಿದ್ದ ಸುರುಳಿ ಮಾತ್ರ ಅವಳ ಅಣ್ಣನದು. ಮೂವತ್ತೊಂದು ವರ್ಷದ ಹಿಂದೆ ಅದನ್ನು ದಿಂಬಿನ ಮೇಲಿಟ್ಟು ಮನೆ ಬಿಟ್ಟಿದ್ದ. ಎರಡು ವರ್ಷದ ಮೇಲೆ ಸಾವಿನ ಸುದ್ದಿ ಬಂತು. ಹೋಗುವ ಹಿಂದಿನ ದಿನ ಸಿಟ್ಟಿನಲ್ಲಿ "ಎಲ್ಲಾದರೂ ಹಾಳಾಗಿ ಹೋಗು" ಎಂದಿದ್ದವಳು ತಾಯಿಯೇ. ಟೇಪಿನಲ್ಲಿ ಅವನು ನಿನ್ನಿಂದಲೇ ಹೋದೆ ಎಂದುಬಿಟ್ಟಿದ್ದರೆ? ಆ ಹೆದರಿಕೆಗೆ ಟೇಪನ್ನು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟವಳು, ಕೇಳದೆ ಸಾಯುವುದೂ ಕಷ್ಟವೆಂದು ಈಗ ಹೊರತೆಗೆದಿದ್ದಳು.

ಟೇಪಿನ ಮೇಲೆ ಧ್ವನಿಯನ್ನು ಹಿಡಿದಿಟ್ಟ ಕಂದು ಲೇಪ ಉದುರುತ್ತಿತ್ತು. ಒಮ್ಮೆ ಓಡಿಸಿದರೆ ಮುಗಿಯಿತು, ಎರಡನೆಯ ಸಲವೆಂಬುದಿಲ್ಲ. ಹಾಗಾಗಿ ಮಗಳು ಎಂದಿನಂತೆ, ಬರುವ ಧ್ವನಿಯನ್ನು ಒಂದೇ ಹೊತ್ತಿಗೆ ಹಲವು ಪ್ರೋಗ್ರಾಮುಗಳಿಗೆ ಹಂಚುವ ಆದೇಶ ಬರೆದಳು. ಒಂದು ಅದನ್ನು ಉಳಿಸಿಡುತ್ತದೆ, ಇನ್ನೊಂದು ಗೊರಗೊರ ಸದ್ದನ್ನು ತೆಗೆದುಹಾಕುತ್ತದೆ, ಮೂರನೆಯದು ಧ್ವನಿಯ ಏರಿಳಿತದ ಅಳತೆ ಬರೆದಿಡುತ್ತದೆ. ತಾಯಿಗೋಸ್ಕರ ಅವಸರದಲ್ಲಿ ನಾಲ್ಕನೆಯದೊಂದನ್ನು ಸೇರಿಸಿದಳು. ಮೊದಲ ಹತ್ತು ಸೆಕೆಂಡು ಕೇಳಿಸಿ ನಿಲ್ಲುವುದಷ್ಟೇ ಅದರ ಕೆಲಸ.

ಸುರುಳಿ ತಿರುಗಿತು. ಮಗಳು ಪರದೆಗೆ ಬೆನ್ನು ಹಾಕಿ ತಾಯಿಯ ಕೈ ಹಿಡಿದುಕೊಂಡಳು.

"ಅವನೇ ಕಣೇ," ಎಂದಳು ತಾಯಿ. "'ಅಮ್ಮ, ಪುಟ್ಟಿ ಮಲಗಿದ್ದಾಳೆ, ಮೆಲ್ಲಗೆ ಮಾತಾಡ್ತೀನಿ' ಅಂದ. ನಿನ್ನನ್ನೇ. ಆಮೇಲೆ 'ನಾನ್ಯಾಕೆ ಹೋಗ್ತಿದ್ದೀನಿ ಅಂದ್ರೆ' ಅಂದ... ನಿಂತುಹೋಯ್ತು."

"ಹತ್ತು ಸೆಕೆಂಡು ಆಯ್ತಲ್ಲಮ್ಮ. ಉಳಿದದ್ದು ಒಳಗೆ ಇಳೀತಿದೆ."

ತಾಯಿ ಯಂತ್ರದತ್ತ ಬಗ್ಗಿದಳು. "ಮತ್ತೆ ಆ ಮುಳ್ಳು ಯಾಕೆ ಕುಣೀತಿದೆ?"

"ಅಣ್ಣ ಮಾತಾಡ್ತಿದ್ದಾನೆ. ನಮಗೆ ಕೇಳಿಸ್ತಿಲ್ಲ, ಅಷ್ಟೆ."

ಇಬ್ಬರೂ ಆ ಮುಳ್ಳನ್ನೇ ನೋಡುತ್ತ ಕೂತರು. ಅದು ನಡುಗಿತು, ಮಲಗಿತು, ಮತ್ತೆ ಎದ್ದಿತು. ಒಮ್ಮೆ ಬಹಳ ಹೊತ್ತು ಏಳಲೇ ಇಲ್ಲ.

"ಅಳ್ತಿದ್ದಾನೋ ಏನೋ," ಎಂದಳು ತಾಯಿ.

ಏಳು ನಿಮಿಷಕ್ಕೆ ಟೇಪು ಮುಗಿದು ಅದರ ತುದಿ ಪಟಪಟ ಬಡಿಯತೊಡಗಿತು. ಮಗಳು ಯಂತ್ರ ನಿಲ್ಲಿಸಿ ಪರದೆಯತ್ತ ತಿರುಗಿದಳು. ಉಳಿದಿದ್ದ ಧ್ವನಿಯ ಉದ್ದ ಹನ್ನೊಂದು ಸೆಕೆಂಡು. ನಾಲ್ಕನೆಯದು ತನ್ನ ಪಾಲು ಮುಗಿಸಿ ಎದ್ದದ್ದೇ, ಹಂಚುವ ಆದೇಶವೂ ಅಲ್ಲೇ ಸತ್ತಿತ್ತು. ಒಬ್ಬರು ಎದ್ದು ಹೋದರೂ ಉಳಿದವರಿಗೆ ಬಡಿಸು ಎಂದು ಅದಕ್ಕೆ ಮೊದಲೇ ಹೇಳಿರಬೇಕು. ಹೊಸಬರಿಗೆ ಮೊದಲ ದಿನವೇ ಇದನ್ನು ಕಲಿಸುವವಳು ಅವಳೇ.

"ಪೂರ್ತಿ ಸಿಕ್ತಾ?"

ಮಗಳು ಇಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತಾಯಿಯೇ ಕೈ ಅಡ್ಡ ಹಿಡಿದಳು.

"ಈಗ ಬೇಡ, ಹೆದರಿಕೆ ಆಗುತ್ತೆ. ಭಾನುವಾರ ಮನೇಲಿ ಕೂತು ಕೇಳೋಣ. ಇಷ್ಟು ವರ್ಷ ಕಾದೋಳಿಗೆ ನಾಲ್ಕು ದಿನ ಏನು ಮಹಾ! 'ಅಮ್ಮ' ಅಂತ ಎಷ್ಟು ಮೆತ್ತಗೆ ಕರೆದ ಗೊತ್ತಾ. ಬಯ್ಯೋನು ಹಾಗೆ ಕರೀತಾನಾ?"

ಹೆಡ್‌ಫೋನು ತೆಗೆದಿಟ್ಟು ತಾಯಿ ಹೊರಡಲೆಂದು ಎದ್ದಳು. ಯಂತ್ರದ ಕೆಳಗೆ ಮೇಜಿನ ಮೇಲೆ ಕಂದು ಪುಡಿ ತೆಳ್ಳಗೆ ಬಿದ್ದಿತ್ತು.

"ಏನೇ ಇದು, ಇಷ್ಟು ಧೂಳಲ್ಲಿ ಕೆಲಸ ಮಾಡ್ತೀಯಾ," ಎಂದು ಅದನ್ನು ಅಂಗೈಯಿಂದ ಬಳಿದು ಗುಡ್ಡೆ ಮಾಡಿ, ಕಿಟಕಿಯ ಬಳಿ ಒಯ್ದು, ಎರಡೂ ಕೈ ಚೆನ್ನಾಗಿ ಕೊಡವಿದಳು.