ಭಾವನ ಎದೆನೋವು

ವೈದ್ಯಕೀಯ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಕೈಗುಣವುಳ್ಳ ಡಾಕ್ಟರು. ಆದರೆ ಅರ್ಧ ಆಯುಸ್ಸನ್ನು ರೋಗಿಗಳಿಗೆ ಕೊಟ್ಟು, ಉಳಿದರ್ಧವನ್ನು ಡಾಕ್ಟರಾಗಲು ಬಂದ ಮಕ್ಕಳಿಗೆ ಕೊಟ್ಟಿದ್ದರು. ವಿದ್ಯಾರ್ಥಿಗಳ ಪಾಠ, ಪರೀಕ್ಷೆ, ಅಳು, ಮುನಿಸು ಎಲ್ಲವೂ ಅವರ ತಲೆಯ ಮೇಲೆಯೇ. ಅವರು ಜಾರಿಗೆ ತಂದದ್ದರಲ್ಲಿ ಒಂದು, ಸುಳ್ಳು ರೋಗಿಯ ಪರೀಕ್ಷೆ. ಕಾಯಿಲೆಯವನಂತೆ ನಟಿಸುವ ಒಬ್ಬನನ್ನು ವಿದ್ಯಾರ್ಥಿ ಮಾತನಾಡಿಸಿ, ಮುಟ್ಟಿ ನೋಡಿ, ಏನಾಗಿದೆಯೆಂದು ಹೇಳಬೇಕು. ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ, ಮಾರ್ಕು ಮಾತ್ರ ಹೋಗುತ್ತದೆ.

ಎದೆನೋವಿನ ಪಾತ್ರಕ್ಕೆ ಮೇಷ್ಟ್ರು ತಮ್ಮ ಭಾವನನ್ನೇ ಹಾಕಿಕೊಂಡಿದ್ದರು. ಭಾವನೆಂದರೆ ತೀರಿಕೊಂಡ ಮಡದಿಯ ಅಣ್ಣ. ನಾಟಕದಲ್ಲಿ ರಾಜನ ಪಾರ್ಟು ಮಾಡಿ ಮಾಡಿ, ನಾಟಕ ನಿಂತ ಮೇಲೂ ರಾಜನಾಗಿಯೇ ಉಳಿದುಬಿಟ್ಟ ಮನುಷ್ಯ. ಒಂದು ಲೋಟ ಟೀ ಕೇಳುವುದಾದರೂ ಎದುರಿಗೆ ಸಭೆ ತುಂಬಿದೆಯೆಂಬಂತೆ ಕೇಳುವರು. ಮನೆಯಲ್ಲಿ ಈಗ ಉಳಿದವರು ಇವರಿಬ್ಬರೇ. ಇಬ್ಬರೂ ಟೀಯನ್ನು ಸಮನಾಗಿ ಕೆಡಿಸುತ್ತಿದ್ದರು.

ಭಾವನ ಎದೆನೋವು ಕಾಲೇಜಿಗೆಲ್ಲ ಹೆಸರುವಾಸಿ. ಮೊದಲು ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕುವುದು, ಆಮೇಲೆ ಎಡ ಎದೆಗೆ ಬಂದು ಬೀಳುವುದು, ಕಣ್ಣು ಮೇಲೆ ಹೋಗುವುದು, "ಅಯ್ಯೋ ವಿಧಿಯೇ!" ಎಂದು ಕುರ್ಚಿಯಿಂದ ನೆಲಕ್ಕೆ ಜಾರುವುದು. ಜಾರಿದ ಮೇಲೆ ಎಬ್ಬಿಸಲು ಇಬ್ಬರು ಬೇಕು. ಹೊರಗೆ ಸರದಿಗೆ ಕಾದಿರುವ ವಿದ್ಯಾರ್ಥಿಗಳು ಬಾಗಿಲಾಚೆಯ ಸದ್ದಿನಿಂದಲೇ ಕಾಯಿಲೆ ಯಾವುದೆಂದು ತಿಳಿದು, ನಿಶ್ಚಿಂತೆಯಿಂದ ಕೂದಲು ಬಾಚಿಕೊಳ್ಳುವರು.

ಹೀಗಿರುತ್ತ ಒಂದು ಬೆಳಿಗ್ಗೆ ಮೇಷ್ಟ್ರು ಆಸ್ಪತ್ರೆಯ ಪಡಸಾಲೆಯಲ್ಲಿ ಬರುತ್ತಿದ್ದಾಗ ಬೆಂಚಿನ ಮೇಲೆ ಒಬ್ಬ ಬಸ್ ಡ್ರೈವರ್ ಕೂತಿದ್ದ. ಸುಮ್ಮನೆ ಕೂತಿದ್ದ, ಅಷ್ಟೇ. ಕೈಯಲ್ಲಿ ಗ್ಯಾಸಿನ ಮಾತ್ರೆ. ಮೇಷ್ಟ್ರಿಗೆ ಅವನ ಮುಖದ ಬಣ್ಣ ಸರಿಕಾಣಲಿಲ್ಲ. ಕೈ ಮುಟ್ಟಿದರೆ ತಣ್ಣಗೆ, ಒದ್ದೆ. ತಾವೇ ಗಾಲಿಕುರ್ಚಿ ತಳ್ಳಿಕೊಂಡು ಹೃದಯದ ವಾರ್ಡಿಗೆ ಓಡಿದರು. ದೇವರು ದೊಡ್ಡವನು, ಡ್ರೈವರ್ ಬದುಕಿದ.

ಅವನಿಗೆ ಮಾತ್ರೆ ಕೊಟ್ಟು ಕೂರಿಸಿದವಳು ಕೊನೆಯ ವರ್ಷದ ಒಬ್ಬ ಹುಡುಗಿ. ಎಲ್ಲಕ್ಕೂ ಅವಸರ ಮಾಡುವಳೆಂದು ಅವಳಿಗೆ ಗಡಿಬಿಡಿ ಎಂದೇ ಹೆಸರು.

"ಯಾಕಮ್ಮ ಬಿಟ್ಟೆ ಅವನನ್ನ?"

"ಸರ್, ಅವರು ಎದೆ ಹಿಡ್ಕೊಳ್ಳಲೇ ಇಲ್ಲ."

"ಮತ್ತೆ?"

"ಜಾರಲೂ ಇಲ್ಲ ಸರ್."

ಮೇಷ್ಟ್ರಿಗೆ ಭಾವನ ಕುರ್ಚಿ ನೆನಪಾಯಿತು. ನೇರ ತರಗತಿಗೆ ಹೋಗಿ, "ಹಾರ್ಟ್ ಅಟ್ಯಾಕ್ ಆದವರು ಹ್ಯಾಗಿರ್ತಾರೆ, ಮಾಡಿ ತೋರಿಸಿ" ಎಂದರು. ತರಗತಿಗೆ ತರಗತಿಯೇ ಬಲಗೈ ಎತ್ತಿ ಗಾಳಿಯಲ್ಲಿ ಹುಡುಕತೊಡಗಿತು. ಹಿಂದಿನ ಬೆಂಚಿನಿಂದ ಒಬ್ಬ "ಅಯ್ಯೋ ವಿಧಿಯೇ" ಎಂದೂ ಸೇರಿಸಿದ.

ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು.

"ನಿಮ್ಮ ಭಾವನವರು ಡಾಕ್ಟರುಗಳನ್ನ ತಯಾರು ಮಾಡ್ತಿದ್ದಾರೋ, ನಾಟಕದ ಮೇಳವನ್ನೋ?" ಎಂದರು ಅವರು. "ನಾಳೆ ಹೊರಗಿನ ಪರೀಕ್ಷಕರು ಬರ್ತಾರೆ. ಅವರು ಒಪ್ಪಿದರೆ ಇರಲಿ. ಇಲ್ಲದಿದ್ದರೆ ನಾಳೆಗೇ ಕೊನೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಭಾವನಿಗೆ ಲೋಕದಲ್ಲಿ ಉಳಿದಿದ್ದ ರಂಗವೆಂದರೆ ಆ ಒಂದು ಕೋಣೆ, ಆ ಒಂದು ಕುರ್ಚಿ. ಅದೂ ಹೋದರೆ ಅವರು ಇಡೀ ದಿನ ಗೋಡೆ ನೋಡುತ್ತ ಕೂರುವುದನ್ನು ಮೇಷ್ಟ್ರು ನೋಡಬೇಕಾಗುತ್ತದೆ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಭಾವ ಸಿಂಹಾಸನದಿಂದ ಎದ್ದಂತೆ ಎದ್ದರು.

"ಸುಮ್ಮನೆ ಕೂತಿರಬೇಕಾ? ಅದಕ್ಕೆ ನಟ ಯಾಕೆ ಡಾಕ್ಟ್ರೇ, ಒಂದು ಕಂಬ ಸಾಕಲ್ಲ!"

"ಒಂದು ಸಲ ಮಾಡಿ ನೋಡಿ ಭಾವ. ಕೈ ಎತ್ತಬೇಡಿ. ವಿಧಿಯನ್ನ ಕರೀಬೇಡಿ."

ಭಾವ ಕೂತರು. ಕೈ ಸುಮ್ಮನಿತ್ತು, ಬಾಯಿ ಸುಮ್ಮನಿತ್ತು, ಹುಬ್ಬು ಮಾತ್ರ ಮೆಲ್ಲಗೆ ಹಣೆಯತ್ತ ಏರಿತು.

"ಹುಬ್ಬು!" ಎಂದರು ಮೇಷ್ಟ್ರು.

"ಅದು ನನ್ನ ಮಾತು ಕೇಳೋದು ಬಿಟ್ಟು ಎಷ್ಟೋ ಕಾಲವಾಯ್ತು."

ಮತ್ತೆ ಕೂತರು. ಈ ಸಲ ಮೂಗಿನ ಹೊಳ್ಳೆ ಅರಳಿತು. ಅದನ್ನು ತಡೆದರೆ ನರಳಿಕೆ ಬಂತು, ನರಳಿಕೆಯನ್ನು ತಡೆದರೆ ಕೆಮ್ಮು ಬಂತು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಭಾವ ಇದ್ದಕ್ಕಿದ್ದಂತೆ ರಾಜನ ದನಿ ಬಿಟ್ಟು ತಮ್ಮ ಸ್ವಂತ ದನಿಯಲ್ಲಿ ಮಾತಾಡಿದರು.

"ತಂಗಿ ಹೋದ ದಿನ ನೀವು ಕಾಲೇಜಲ್ಲಿದ್ರಿ. ಮನೇಲಿದ್ದವನು ನಾನು. ತಂಗಿ ಒಗೆದ ಬಟ್ಟೆ ಮಡಿಸ್ತಾ ಕೂತಿದ್ಲು. ಯಾಕಮ್ಮ ಹೀಗಿದ್ದೀಯ ಅಂದೆ. ಏನಿಲ್ಲಣ್ಣ, ಯಾಕೋ ಸುಸ್ತು, ನೀನು ಟೀ ಕುಡಿ ಅಂದ್ಲು. ಕುಡಿದೆ."

ಮೇಷ್ಟ್ರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಮಲಗುವ ಮುನ್ನ ಮೇಷ್ಟ್ರು ದೇವರಿಗೆ ಕೈಮುಗಿದಾಗ ಪರೀಕ್ಷೆಯ ವಿಚಾರ ಮರೆತೇಹೋಗಿತ್ತು. ದಿನವೂ ಬೇಡುವಂತೆ, ಮಡದಿಯನ್ನು ಇನ್ನೊಮ್ಮೆ ಕಾಣುವಂತಾಗಲಿ ಎಂದು ಬೇಡಿ ಮಲಗಿದರು.

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಭಾವ ಕುರ್ಚಿಯ ಮೇಲೆ, ಮಡಿಲಲ್ಲಿ ಒಂದು ಟವೆಲ್. ಮೇಷ್ಟ್ರೂ ಹೊರಗಿನ ಪರೀಕ್ಷಕರೂ ಗಾಜಿನ ಹಿಂದೆ. ಒಳಗಿನ ಮಾತು ಅವರಿಗೆ ಕೇಳುವಂತೆ ಏರ್ಪಾಡಿತ್ತು.

ಮೊದಲನೆಯ ಹುಡುಗ ಬಂದು, ಭಾವ ಬಿದ್ದರೆ ಹಿಡಿಯಲು ಅನುಕೂಲವಾಗಲೆಂದು ಕುರ್ಚಿಯ ಬಳಿ ಕೈಚಾಚಿ ನಿಂತ. ಭಾವ ಬೀಳಲಿಲ್ಲ. ಟವೆಲನ್ನು ನಾಲ್ಕಾಗಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಏನಾಗ್ತಿದೆ ನಿಮಗೆ?"

"ಏನಿಲ್ಲಪ್ಪ, ಯಾಕೋ ಸುಸ್ತು."

ಹುಡುಗ ಸ್ವಲ್ಪ ಕಾದ. "ಜಾರಲ್ವಾ?" ಎಂದು ಮೆಲ್ಲಗೆ ಕೇಳಿಯೂ ಕೇಳಿದ. ಕೊನೆಗೆ ರಕ್ತ ಕಡಿಮೆಯಾಗಿದೆಯೆಂದು ಹೇಳಿ ಹೋದ. ಎರಡನೆಯವಳು ನಿದ್ದೆ ಸಾಲದು ಎಂದಳು. ಮೂರನೆಯವನು ಕನ್ನಡಕ ಬದಲಾಯಿಸಲು ಹೇಳಿದ. ಎದೆನೋವಾದರೆ ಈ ತಾತ ಸುಮ್ಮನಿರುವರೇ, ಇವತ್ತು ಇವರಿಗೆ ಬೇರೆ ಕಾಯಿಲೆ ಕೊಟ್ಟಿದ್ದಾರೆ ಎಂಬುದು ಎಲ್ಲರ ಲೆಕ್ಕಾಚಾರ.

"ಈ ಮನುಷ್ಯ ಏನೂ ಮಾಡ್ತಾನೇ ಇಲ್ಲವಲ್ಲ," ಎಂದರು ಪರೀಕ್ಷಕರು. "ನಟ ಅಂದ್ರಿ?"

ಮೇಷ್ಟ್ರು ಗಾಜಿಗೆ ಇನ್ನಷ್ಟು ಹತ್ತಿರ ಸರಿದರು. ಆ ಮಡಿಕೆ, ಮಡಿಸಿದ ಮೇಲೆ ಅಂಗೈಯಿಂದ ಒಮ್ಮೆ ಸವರುವುದು, ಸವರಿ ಉಸಿರೆಳೆದುಕೊಳ್ಳುವುದು. ಗಾಜಿನ ಆಚೆ ಕೂತಿದ್ದವಳು ಅವರ ಮಡದಿಯೇ.

ನಾಲ್ಕನೆಯವಳಾಗಿ ಗಡಿಬಿಡಿ ಬಂದಳು. ಬಂದವಳು ಅಂದು ಅವಸರ ಮಾಡಲಿಲ್ಲ. ಎದುರಿಗೆ ಕೂತು, ಭಾವನ ಕೈ ಹಿಡಿದಳು. ಹಿಡಿದವಳ ಮುಖ ಬಿಳಿಚಿತು.

"ತಾತ, ಎದೇಲಿ ನೋವಿದೆಯಾ?"

"ನೋವಲ್ಲ ಮಗಳೇ. ಭಾರ."

ಹುಡುಗಿ ತಟ್ಟನೆ ಎದ್ದು ಬಾಗಿಲು ತೆರೆದು ಗಾಲಿಕುರ್ಚಿ ಎಳೆತಂದಳು. ಭಾವನನ್ನು ಬಗಲಿಗೆ ಕೈಹಾಕಿ ಅದರಲ್ಲಿ ಕೂರಿಸಿಯೇಬಿಟ್ಟಳು.

"ಏಯ್, ನಿಲ್ಲಮ್ಮ! ನಾನು ನಟ!"

"ಗೊತ್ತು ತಾತ. ನಟನೆಗೆ ಕೈ ಬೆವರಲ್ಲ. ಮಾತಾಡಬೇಡಿ, ಸುಸ್ತಾಗುತ್ತೆ."

"ನನಗೆ ಏನೂ ಆಗಿಲ್ಲ!"

"ಮೊನ್ನೆ ಡ್ರೈವರೂ ಹೀಗೇ ಅಂದಿದ್ರು."

ಪಡಸಾಲೆಯುದ್ದಕ್ಕೂ ಗಾಲಿಕುರ್ಚಿ ಓಡಿತು. "ಯಾರಲ್ಲಿ! ಈ ಹುಡುಗಿಯನ್ನು ತಡೆಯಿರಿ!" ಎಂದು ಭಾವ ರಾಜನ ದನಿ ತೆಗೆದಷ್ಟೂ ಜನ ಗಾಬರಿಯಿಂದ ದಾರಿ ಬಿಟ್ಟರು. ಹಿಂದೆ ಮೇಷ್ಟ್ರು, ಅವರ ಹಿಂದೆ ಒಂದು ಕಾಲಿಗೆ ಮಾತ್ರ ಚಪ್ಪಲಿಯುಳ್ಳ ಪರೀಕ್ಷಕರು. ಇವರು ವಾರ್ಡು ಮುಟ್ಟುವ ಹೊತ್ತಿಗೆ ಭಾವನ ಎದೆಯ ಮೇಲೆಲ್ಲ ತಂತಿ ಅಂಟಿಸಿಯಾಗಿತ್ತು. ಯಂತ್ರದಿಂದ ಬಂದ ಕಾಗದವನ್ನು ಮೇಷ್ಟ್ರು ಹಿಂದೆ ಮುಂದೆ ಮಾಡಿ ನೋಡಿದರು. ಇಪ್ಪತ್ತರ ಹುಡುಗನ ಹೃದಯ.

ಗಡಿಬಿಡಿ ಗೋಡೆಗೆ ಒರಗಿ ಅಳತೊಡಗಿದಳು. "ಮತ್ತೆ ತಪ್ಪು ಮಾಡಿದೆ ಸರ್."

"ನಿಯಮದಂತೆ ಕೋಣೆ ಬಿಟ್ಟವರಿಗೆ ಸೊನ್ನೆ," ಎಂದರು ಪರೀಕ್ಷಕರು, ಏದುಸಿರು ಬಿಡುತ್ತ.

"ಸೊನ್ನೆ ಕೊಡೋದಾದ್ರೆ ನಿಯಮ ಮಾಡಿದ ನನಗೆ ಕೊಡಿ," ಎಂದರು ಮೇಷ್ಟ್ರು. "ಈ ಆಸ್ಪತ್ರೆಯಲ್ಲಿ ನನಗೆ ಎದೆ ಹಿಡಿದರೆ ಈ ಹುಡುಗಿಯೇ ಬರಲಿ."

ಪರೀಕ್ಷಕರು ಹುಡುಗಿಯನ್ನು ನೋಡಿದರು, ಮಂಚದ ಮೇಲಿದ್ದ ಭಾವನನ್ನು ನೋಡಿದರು, ತಮ್ಮ ಬರಿಗಾಲನ್ನೂ ನೋಡಿಕೊಂಡರು. "ಪಾಸು," ಎಂದರು. "ಓಡುವಾಗ ನನಗೂ ನಿಜವೇ ಅನ್ನಿಸಿತ್ತು. ಈ ಮನುಷ್ಯನನ್ನ ಬಿಡಬೇಡಿ ಅಂತ ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ." ಹೇಳಿ, ಚಪ್ಪಲಿ ಹುಡುಕಿಕೊಂಡು ಹೋದರು. ಹುಡುಗಿಯೂ ಕಣ್ಣೊರೆಸಿಕೊಂಡು ಹೊರಟಳು.

ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತು ತಂತಿಗಳನ್ನು ಒಂದೊಂದಾಗಿ ಬಿಡಿಸಿದರು.

"ಹ್ಯಾಗಿತ್ತು ಡಾಕ್ಟ್ರೇ?"

"ಅವಳೇ ಬಂದು ಕೂತ ಹಾಗಿತ್ತು ಭಾವ."

ಭಾವ ಎದ್ದು ಕೂತರು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: "ಹೊರಗೆ ಕಾದಿರೋ ಮಕ್ಕಳಿಗೆಲ್ಲ ಇವತ್ತು ಮಾಡಿ ಮುಗಿಸಿಕೊಡ್ತೀನಿ. ಆದರೆ ದಿನಾ ಮಾಡೋ ಪಾತ್ರ ಅಲ್ಲ ಇದು. ಮುಂದಿನ ಸಲಕ್ಕೆ ಬೇರೆ ಏನಾದ್ರೂ ಕೊಡಿ."

"ಮೂತ್ರಪಿಂಡದ ಕಲ್ಲು ಆಗುತ್ತಾ?"

"ಅದರಲ್ಲಿ ಕೂಗಬಹುದಾ?"

"ಕೂಗಲೇಬೇಕು. ನೆಲದ ಮೇಲೆ ಹೊರಳಾಡೋರೂ ಇದ್ದಾರೆ."

ಭಾವನ ಹುಬ್ಬು ಹಣೆಯತ್ತ ಏರಿತು. ಅಲ್ಲೇ ಮಂಚದ ಮೇಲೆ ಒಂದು ಕೂಗು ಹಾಕಿ ನೋಡಿದರು. ಇಬ್ಬರು ನರ್ಸುಗಳು ಓಡಿಬಂದರು. ಮೇಷ್ಟ್ರು ಎದ್ದು ನಿಂತು ಅವರ ಕ್ಷಮೆ ಕೇಳಿದರು.